ತೆಳು ಲೋಹದ ಬಿಡಿಭಾಗಗಳಲ್ಲಿ ಅಳತೆಯ ನಿಖರತೆ: ಸಣ್ಣ ಉದ್ದಿಮೆದಾರರಿಗೆ ಮಾಹಿತಿ

ಬೆಳಗಾವಿ ಜಿಲ್ಲೆಯು ಎರಕ ಹಾಗೂ ಯಂತ್ರ ಬಿಡಿಭಾಗಗಳ ತಯಾರಿಕೆಗೆ ಹೆಸರಾಗಿದೆ. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಅನೇಕ ಘಟಕಗಳಿದ್ದು, ಹತ್ತರಗಿ ಬಳಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಕೃಷಿ ಮತ್ತು ನೇಕಾರಿಕೆಯನ್ನು ಅವಲಂಬಿಸಿರುವ ರಾಮದುರ್ಗ ತಾಲ್ಲೂಕಿನ ಸುರೇಬಾನದಂತಹ ಊರುಗಳಲ್ಲಿ ಲೇತ್ ಅಥವಾ ತಗಡು ಬಾಗಿಸುವ ಘಟಕ ಆರಂಭಿಸಲು ಬಯಸುವವರು, ತೆಳು ಭಾಗಗಳ ಕೆಲಸ ಒಪ್ಪಿಕೊಳ್ಳುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

ಅಳತೆ ತಪ್ಪಲು ಕಾರಣಗಳು

1. ಹಿಡಿತದ ಒತ್ತಡ: ತಗಡಿನ ದಪ್ಪ ಅರ್ಧವಾದರೆ, ಅದೇ ಒತ್ತಡಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ಮೂರು ದವಡೆಯ ಚಕ್‌ನಲ್ಲಿ ಬಿಗಿದು ಕೊರೆದ ತೆಳು ಉಂಗುರವು ಯಂತ್ರದ ಮೇಲಿರುವಾಗ ದುಂಡಗಿರುತ್ತದೆ; ಬಿಚ್ಚಿದ ನಂತರ ಮೂರು ಕಡೆ ಉಬ್ಬುತ್ತದೆ.

2. ಮರಳಿ ಚಿಮ್ಮುವಿಕೆ: ಬಾಗಿಸಿದ ತಗಡು ಒತ್ತಡ ತೆಗೆದ ಕೂಡಲೇ ಸ್ವಲ್ಪ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಇದನ್ನು ಸ್ಪ್ರಿಂಗ್‌ಬ್ಯಾಕ್ ಎನ್ನುವರು. ಆದುದರಿಂದ 90 ಡಿಗ್ರಿ ಕೋನ ಬೇಕಾದಲ್ಲಿ ಅದಕ್ಕಿಂತ ಹೆಚ್ಚು ಬಾಗಿಸಬೇಕಾಗುತ್ತದೆ.

3. ಉಷ್ಣತೆ: ಅಳತೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಭಾಗವು 35 ಡಿಗ್ರಿಯಲ್ಲಿ ಸುಮಾರು 0.1 ಮಿ.ಮೀ. ಹಿಗ್ಗಿರುತ್ತದೆ.

4. ಒಳ ಒತ್ತಡ: ಒಂದೇ ಬದಿಯಿಂದ ಹೆಚ್ಚು ಲೋಹ ತೆಗೆದಲ್ಲಿ, ಲೋಹದೊಳಗೆ ಉಳಿದ ಒತ್ತಡದ ಸಮತೋಲನ ಕೆಟ್ಟು ಭಾಗವು ಸೊಟ್ಟಗಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

ಅ) ಮೊದಲು ಒರಟು ಕೆಲಸ ಮುಗಿಸಿ, ಹಿಡಿತ ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿದು ಅಂತಿಮ ಕೆಲಸ ಮಾಡುವುದು.
ಆ) ಎರಡೂ ಬದಿಗಳಿಂದ ಸರದಿಯಂತೆ ಲೋಹ ತೆಗೆಯುವುದು. ಉಂಗುರಗಳಿಗೆ ಅವುಗಳ ಸುತ್ತಳತೆಗೆ ಹೊಂದುವಂತೆ ಕೊರೆದ ಮೃದು ದವಡೆಗಳನ್ನು ಬಳಸುವುದು.
ಇ) ಹೊಸ ತಗಡು ಬಂದಾಗಲೆಲ್ಲ ಒಂದು ತುಂಡನ್ನು ಬಾಗಿಸಿ ಕೋನ ಪರೀಕ್ಷಿಸುವುದು. ಒಂದೇ ದಪ್ಪದ ತಗಡುಗಳೂ ಒಂದೇ ರೀತಿ ಚಿಮ್ಮುವುದಿಲ್ಲ.
ಈ) ಮೊದಲನೆಯ ಭಾಗವನ್ನು ಯಂತ್ರದಿಂದ ಬಿಚ್ಚಿ, ತಣಿದ ನಂತರವೇ ಅಳೆಯುವುದು. ಅದು ಸರಿಯೆಂದು ಖಚಿತವಾಗುವವರೆಗೆ ಎರಡನೆಯದನ್ನು ಆರಂಭಿಸದಿರುವುದು.

ಕೊನೆಯ ಕ್ರಮವು ಅತಿ ಮುಖ್ಯವಾದುದು. ಬಿಗಿದ ಸ್ಥಿತಿಯಲ್ಲಿ ತೋರುವ ಅಳತೆಯು ಖರೀದಿದಾರರ ಕೈಗೆ ತಲುಪುವ ಅಳತೆಯಲ್ಲ. ಮೊದಲ ಭಾಗದ ತಪ್ಪು ಕಣ್ತಪ್ಪಿದಲ್ಲಿ ನೂರು ಭಾಗಗಳಲ್ಲಿಯೂ ಅದೇ ತಪ್ಪು ಉಳಿಯುತ್ತದೆ. ಇಡೀ ಸರಕು ತಿರಸ್ಕೃತವಾದಲ್ಲಿ ಕೂಲಿಯೊಂದಿಗೆ ಕಚ್ಚಾ ಲೋಹದ ಬೆಲೆಯೂ ನಷ್ಟವಾಗಬಹುದು. ಸಾಲ ಪಡೆದು ಆರಂಭಿಸಿದ ಘಟಕಕ್ಕೆ ಇದು ಭರಿಸಲಾಗದ ಹೊರೆ.

ತರಬೇತಿ

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಬೆಳಗಾವಿಯಲ್ಲಿಯೂ ಶಾಖೆ ಹೊಂದಿದೆ. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರು ಈ ಸಂಸ್ಥೆಯ ಡಿಪ್ಲೊಮಾ ಶಿಕ್ಷಣಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಆಸಕ್ತರು ಯಂತ್ರ ಖರೀದಿಗೆ ಮುನ್ನವೇ ಅಳತೆಯ ವಿಧಾನಗಳನ್ನು ಕಲಿತುಕೊಳ್ಳುವುದು ಅಪೇಕ್ಷಣೀಯ.