ಬಿಟ್ಟುಹೋಗುವ ಮನೆ ಯಾರದು?

ತುಂಗೆಯ ದಡದಲ್ಲಿ ಶಿವಮೊಗ್ಗ, ಭದ್ರೆಯ ದಡದಲ್ಲಿ ಭದ್ರಾವತಿ. ನಡುವಣ ದೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಎರಡೂ ಊರುಗಳಲ್ಲಿ, ಕಡೆಯ ವರ್ಷದ ಪರೀಕ್ಷೆ ಮುಗಿದು ಮಕ್ಕಳು ಅಂಕಪಟ್ಟಿ ಹಿಡಿದು ನಿಲ್ಲುವ ಕಾಲ ಬಂದಾಗ, ಅಥವಾ ನಡುವಯಸ್ಸಿನ ಗೃಹಸ್ಥನಿಗೆ ವರ್ಗವೋ ಬಡ್ತಿಯೋ ಒದಗಿದಾಗ, ಅಡುಗೆಮನೆಯಿಂದ ಜಗಲಿಯವರೆಗೆ ಒಂದೇ ಚರ್ಚೆ ನಡೆಯುವುದು: ಬೆಂಗಳೂರಿಗೆ ಹೋಗುವುದೋ, ಇಲ್ಲಿಯೇ ಇರುವುದೋ? ಇದು ಸಂಬಳದ ಲೆಕ್ಕವೆಂದು ಕೆಲವರು ಭಾವಿಸುತ್ತಾರೆ. ಮನೋಧರ್ಮದ ಮಾತೆಂದು ಮತ್ತೆ ಕೆಲವರು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಈ ಎರಡು ನೆರೆಯೂರುಗಳನ್ನು ಜೊತೆಯಲ್ಲಿಟ್ಟು ನೋಡಿದವನಿಗೆ ಮೂರನೆಯ ಸಂಗತಿಯೊಂದು ಗೋಚರಿಸದೆ ಇರದು. ಹೊರಡುವವನು ಬಿಟ್ಟುಹೋಗುವ ಮನೆಯು ಯಾರ ಹೆಸರಿನಲ್ಲಿದೆ ಎಂಬುದು ಆ ಸಂಗತಿ. ಉಳಿದ ಲೆಕ್ಕಗಳೆಲ್ಲ ಅದರಿಂದಲೇ ಬೇರೆಬೇರೆಯಾಗುತ್ತವೆ.

ಭದ್ರಾವತಿಯ ವಿಷಯವನ್ನೇ ಮೊದಲು ಹೇಳಬೇಕು. ಏಕೆಂದರೆ ಈಗ ನಾವು ನೋಡುತ್ತಿರುವ ಊರು ವಲಸೆಯಿಂದಲೇ ಹುಟ್ಟಿದುದು. ಬೆಂಕಿಪುರವೆಂಬ ಹಳೆಯ ಹೆಸರಿನ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯೊಂದನ್ನು ಬಿಟ್ಟರೆ ಹೆಚ್ಚು ಜನರ ಗಮನ ಸೆಳೆಯುವಂಥದೇನೂ ಇಲ್ಲದಿದ್ದ ಈ ಸ್ಥಳದಲ್ಲಿ, ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಿಂದ ಅದಿರನ್ನೂ ಸುತ್ತಲ ಕಾಡಿನಿಂದ ಇದ್ದಿಲಿಗೆ ಬೇಕಾದ ಸೌದೆಯನ್ನೂ ತಂದು ಕಬ್ಬಿಣವನ್ನು ಕರಗಿಸಬಹುದೆಂಬ ಸಂಕಲ್ಪದಿಂದ ಮೈಸೂರು ಸಂಸ್ಥಾನವು 1918ರಲ್ಲಿ ಕೈಹಾಕಿದ ಕಾರ್ಯವು, 1923ರಲ್ಲಿ ಫಲಕ್ಕೆ ಬಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಮೇಲೆಯೂ ಈ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ನಿಂತು ಇದನ್ನು ಸಂಕಟದಿಂದ ಪಾರುಮಾಡಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯು ಸ್ಥಾಪಿತವಾಯಿತು. ತಮಿಳರು, ತೆಲುಗರು, ಮಲೆಯಾಳಿಗಳು, ಬಯಲುಸೀಮೆಯ ಕನ್ನಡಿಗರು, ಮೈಸೂರು ಬೆಂಗಳೂರುಗಳ ಎಂಜಿನಿಯರುಗಳು ಹೀಗೆ ಬಂದು ಸೇರಿ, ನ್ಯೂಟೌನ್, ಪೇಪರ್ ಟೌನ್ ಎಂಬ ಹೆಸರುಗಳಲ್ಲೇ ತಮ್ಮ ಮೂಲವನ್ನು ಸಾರುವ ಬಡಾವಣೆಗಳು ಎದ್ದುವು. ದೊಡ್ಡ ಊರಿನಿಂದ ಸಣ್ಣ ಊರಿಗೆ ವಿದ್ಯಾವಂತರು ಉದ್ಯೋಗವನ್ನು ಅರಸಿ ಬರುತ್ತಿದ್ದ ಕಾಲವೂ ಒಂದಿತ್ತೆಂದರೆ ಇಂದಿನ ತರುಣರು ನಂಬುವುದು ಕಷ್ಟ. ಪ್ರಾಸಂಗಿಕವಾಗಿ ಇದನ್ನೂ ಹೇಳಿಬಿಡಬಹುದು: ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ವಿಶ್ವೇಶ್ವರಯ್ಯನವರು ತಾವು ತೆಗೆದುಕೊಳ್ಳದೆ ಔದ್ಯೋಗಿಕ ಶಿಕ್ಷಣ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದರು, 1943ರಲ್ಲಿ ಜಯಚಾಮರಾಜೇಂದ್ರರ ಹೆಸರಿನ ಆ ಸಂಸ್ಥೆಯು ಆರಂಭವಾದುದು ಬೆಂಗಳೂರಿನಲ್ಲಿ. ಇಲ್ಲಿಯ ದುಡಿಮೆಯ ಫಲ ಅಲ್ಲಿಗೆ ಹರಿಯುವ ಕ್ರಮವು ನಾವು ತಿಳಿದಿರುವುದಕ್ಕಿಂತ ಹಳೆಯದು.

ಆ ಕಾಲದ ಕಾರ್ಖಾನೆಯು ನೌಕರನಿಗೆ ಸಂಬಳವನ್ನು ಮಾತ್ರ ಕೊಡುತ್ತಿರಲಿಲ್ಲ. ಕ್ವಾರ್ಟರ್ಸು, ನೀರು, ದೀಪ, ಆಸ್ಪತ್ರೆ, ಶಾಲೆ, ಆಟದ ಬಯಲು ಇವೆಲ್ಲವನ್ನೂ ಕೊಡುತ್ತಿತ್ತು. ಇವೆಲ್ಲ ಕೈಗೆಟಕುವಂತಿದ್ದುದರಿಂದ ಸ್ವಂತ ನಿವೇಶನದ ಚಿಂತೆಯನ್ನು ಅನೇಕರು ಮುಂದಕ್ಕೆ ಹಾಕಿದರು; ನಿವೃತ್ತಿಯ ಹೊತ್ತಿಗೆ ನೋಡಿಕೊಂಡರಾಯಿತೆಂದರು. ಅಷ್ಟರಲ್ಲಿ ಕಾಲವು ತಿರುಗಿತು. ಮುಂದೆ ಉಕ್ಕಿನ ಕಾರ್ಖಾನೆಯಾದ ಆ ಕಬ್ಬಿಣದ ಕಾರ್ಖಾನೆ, ಅಂದರೆ ಜನರ ಬಾಯಲ್ಲಿ ವಿಐಎಸ್‌ಎಲ್, 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ತನ್ನದೇ ಆದ ಗಣಿಯಿಲ್ಲದೆ, ಸಾಕಷ್ಟು ಬಂಡವಾಳವೂ ಇಲ್ಲದೆ ಕೃಶವಾಗುತ್ತ ಹೋಯಿತು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಐಎಸ್‌ಎಲ್ಲನ್ನು ಮಾರುವ ಯತ್ನವು ಫಲಿಸದೆ, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರವೇ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕುಳಿತರು; ಅದೇ ವರ್ಷ ಬಾರ್ ಮಿಲ್ಲು ಮತ್ತೆ ತಿರುಗತೊಡಗಿತಾದರೂ ಊರಿನ ಆಶಂಕೆಯು ತೀರಲಿಲ್ಲ. ಜನಗಣತಿಯ ಅಂಕಿಗಳು ಇದನ್ನು ಇನ್ನೂ ಮೊದಲೇ ಹೇಳಿದ್ದುವು: 2001ರಲ್ಲಿ 1.60 ಲಕ್ಷವಿದ್ದ ಭದ್ರಾವತಿಯ ಜನಸಂಖ್ಯೆ 2011ಕ್ಕೆ 1.51 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಶಿವಮೊಗ್ಗವು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು.

ಶಿವಮೊಗ್ಗದ ಬಾಳ್ವೆಯ ಬೇರು ಬೇರೆಯದು. ಅದನ್ನು ಒಂದು ಕಾರ್ಖಾನೆಯು ಕಟ್ಟಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದ ಅಡಿಕೆಯು ಇಲ್ಲಿಯ ಮಂಡಿಗಳಿಗೆ ಬರುವುದು. ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್‌ಕೋಸ್ 1939ರಿಂದ ನಡೆದು ಬಂದಿದೆ. 1946ರಲ್ಲಿ ಹುಟ್ಟಿದ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಶಾಲಾಕಾಲೇಜುಗಳು, ಸಹ್ಯಾದ್ರಿ ಕಾಲೇಜು, 1987ರಲ್ಲಿ ಶಂಕರಘಟ್ಟದಲ್ಲಿ ನೆಲೆಗೊಂಡ ಕುವೆಂಪು ವಿಶ್ವವಿದ್ಯಾನಿಲಯ, ಸರ್ಕಾರಿ ವೈದ್ಯಕೀಯ ಕಾಲೇಜು ಇವುಗಳಿಂದ ಊರಿನಲ್ಲಿ ಅಧ್ಯಾಪಕರು, ವೈದ್ಯರು, ವಕೀಲರು, ವರ್ತಕರು ಎಂಬ ಮಧ್ಯಮವರ್ಗವೊಂದು ದೃಢವಾಗಿ ನೆಲೆನಿಂತಿದೆ. ವಿನೋಬನಗರದಲ್ಲಿಯೋ ಗೋಪಾಳದಲ್ಲಿಯೋ ಒಂದು ಸೈಟು, ಅದರಲ್ಲೊಂದು ಮನೆ, ಅಂಗಳದಲ್ಲೊಂದು ತೆಂಗು: ಇದು ಈ ವರ್ಗದ ಸಾಮಾನ್ಯ ಸಂಪತ್ತು. ಇಂಥ ಮನೆಯ ಮಗಳು ಬೆಂಗಳೂರಿಗೆ ಹೊರಟಾಗ ಅವಳು ಒಂದು ಪ್ರಯೋಗಕ್ಕೆ ಹೊರಟಂತೆ; ಒಗ್ಗದಿದ್ದರೆ ಹಿಂದಿರುಗಿ ಬರುವಳು. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗನಿಗೆ ಆ ಸ್ವಾತಂತ್ರ್ಯವಿಲ್ಲ. ಸಂಬಳ ಇಬ್ಬರದೂ ಒಂದೇ ಆಗಿರಬಹುದು. ಸಾಹಸವು ಒಂದೇ ಅಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮಹಾನಗರದ ಖರ್ಚು ಎಷ್ಟು ಹೆಚ್ಚೆಂಬುದನ್ನು ಸರ್ಕಾರವೇ ಅಳೆದು ಇಟ್ಟಿರುವ ಅಳತೆಯೊಂದುಂಟು. ಕೇಂದ್ರ ಸರ್ಕಾರದ ನೌಕರರ ಮನೆಬಾಡಿಗೆ ಭತ್ಯೆಗಾಗಿ ಊರುಗಳನ್ನು ಎಕ್ಸ್, ವೈ, ಝಡ್ ಎಂದು ಮೂರು ವರ್ಗ ಮಾಡಿದ್ದಾರೆ. 50 ಲಕ್ಷಕ್ಕೆ ಮೇಲ್ಪಟ್ಟ ಜನವಿರುವುದು ಎಕ್ಸ್, 5 ಲಕ್ಷದಿಂದ ಮೇಲೆ ವೈ, ಉಳಿದುದೆಲ್ಲ ಝಡ್. ಬೆಂಗಳೂರು ಮೊದಲನೆಯದರಲ್ಲಿದೆ, ಶಿವಮೊಗ್ಗ, ಭದ್ರಾವತಿಗಳು ಕಡೆಯದರಲ್ಲಿ. 2024ರ ಜನವರಿಯಿಂದ ಈ ಭತ್ಯೆಯ ದರ ಕ್ರಮವಾಗಿ ಮೂಲವೇತನದ ಶೇ. 30, 20, 10. ಎಂದರೆ, 40,000 ರೂಪಾಯಿ ಮೂಲವೇತನದ ಅಂಚೆ ನೌಕರನು ಶಿವಮೊಗ್ಗದಿಂದ ಬೆಂಗಳೂರಿಗೆ ವರ್ಗವಾದರೆ ಬಾಡಿಗೆಗೆಂದು ಅವನಿಗೆ 4,000ದ ಬದಲು 12,000 ದೊರೆಯುವುದು. ಖಾಸಗಿ ಕೆಲಸದವನು ತನ್ನ ಹೊಸ ಸಂಬಳವನ್ನು ಕೇಳಿ ಹಿಗ್ಗುವ ಮುನ್ನ ಈ ಎಂಟು ಸಾವಿರವನ್ನು ಕನಿಷ್ಠ ಪಕ್ಷ ಕಳೆದು ನೋಡಬೇಕು. ಸ್ವಂತ ಮನೆಯಿಂದ ಹೊರಟವನಾದರೆ ಪೂರ್ತಿ ಬಾಡಿಗೆಯನ್ನೇ ಕಳೆಯಬೇಕು. ಅಲ್ಲದೆ ಅಡ್ವಾನ್ಸಿನ ಮಾತಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬೆಂಗಳೂರಿನ ಬಹುಕಾಲದ ರೂಢಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. 25,000 ಬಾಡಿಗೆಯ ಮನೆಗೆ ಎರಡೂವರೆ ಲಕ್ಷವು ಬಡ್ಡಿಯಿಲ್ಲದೆ ಪರರ ಕೈಯಲ್ಲಿ ಕೂತಿರುವುದು. ಖಾಲಿ ಮಾಡುವಾಗ ಅದರಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಸುಣ್ಣಬಣ್ಣದ ಹೆಸರಿನಲ್ಲಿ ಕರಗುವುದು.

ಹಣದಂತೆ ಕಾಲವೂ ವ್ಯಯವಾಗತಕ್ಕದ್ದು. ಜಗತ್ತಿನ ನಗರಗಳ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಗಣನೆಯಂತೆ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ 28 ನಿಮಿಷ ಬೇಕು. ಹೆಚ್ಚುಕಡಮೆ ಅಷ್ಟೇ ಹೊತ್ತಿನಲ್ಲಿ ಶಿವಮೊಗ್ಗದವನು ಬಿ.ಎಚ್. ರಸ್ತೆಯಲ್ಲಿ ಹೊರಟು ಭದ್ರಾವತಿಯನ್ನು ಮುಟ್ಟುತ್ತಾನೆ. ನೀರಿನ ವಿಷಯವಂತೂ ನಮ್ಮವರಿಗೆ ಹೇಳಿ ತಿಳಿಸುವುದೇ ಕಷ್ಟ. ಮನೆಯ ಪಕ್ಕದಲ್ಲಿ ನದಿ ಹರಿಯುವ ಊರಿನವನು, ನೂರು ಕಿಲೋಮೀಟರು ದೂರದಿಂದ ಮೇಲಕ್ಕೆತ್ತಿ ತಂದ ಕಾವೇರಿಯನ್ನು ಕುಡಿಯುವ ಊರಿಗೆ ಹೋಗುತ್ತಾನೆ. 2024ರ ಬೇಸಗೆಯಲ್ಲಿ ಅಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚಾಗಿ ಬರುವ ಏರ್ಪಾಡಾಯಿತು. ಬೆಂಗಳೂರಿಗೆ ಶರಾವತಿಯ ನೀರನ್ನು ಒಯ್ಯುವ ಮಾತೆದ್ದಾಗ, 2019ರ ಜುಲೈಯಲ್ಲಿ ನಮ್ಮ ಜಿಲ್ಲೆಯು ಬಂದ್ ಆಚರಿಸಿ ಪ್ರತಿಭಟಿಸಿತು. ನ್ಯಾಯವಾದ ಪ್ರತಿಭಟನೆಯೇ ಸರಿ; ಆದರೆ ಒಂದು ಹನಿ ನೀರನ್ನೂ ಕೊಡೆವೆಂದ ಜಿಲ್ಲೆಯು ಮಕ್ಕಳನ್ನು ಮಾತ್ರ ವರ್ಷವರ್ಷವೂ ಕೇಳದೆಯೇ ಕಳುಹಿಸಿಕೊಡುತ್ತಿರುವುದು ವಿನೋದವೋ ವಿಷಾದವೋ ತಿಳಿಯದು.

ಇಷ್ಟಾದರೂ ಹೋಗುವವರು ಅವಿವೇಕಿಗಳೆಂದು ನಾನು ಹೇಳಲಾರೆ. ಇಂಥ ಚರ್ಚೆಗಳಲ್ಲಿ ಗಂಡಸರು ಮರೆಯುವ ಅಂಶವೊಂದಿದೆ: ಎಂಜಿನಿಯರಿಂಗ್ ಓದಿದ, ಲೆಕ್ಕಪರಿಶೋಧನೆಯನ್ನು ಬಲ್ಲ ಹೆಣ್ಣುಮಗಳಿಗೆ ತನ್ನ ವಿದ್ಯೆಗೆ ತಕ್ಕ ಕೆಲಸವು ಶಿವಮೊಗ್ಗದಲ್ಲಿ ದೊರೆಯುವುದು ದುರ್ಲಭ. ಗಂಡನಿಗೆ ಇಲ್ಲಿಯೇ ಬ್ಯಾಂಕಿನಲ್ಲಿ ಕೆಲಸವಿದ್ದು ಅವಳು ಮನೆಯಲ್ಲಿ ಕುಳಿತರೆ, ಸ್ವಂತ ಊರಿನ ನೆಮ್ಮದಿಯೆಂದು ನಾವು ಹೊಗಳುವುದರ ಬೆಲೆಯನ್ನು ಅವಳೊಬ್ಬಳೇ ತೆರುತ್ತಿರುತ್ತಾಳೆ. ಇಬ್ಬರೂ ದುಡಿಯುವ ಸಂಸಾರಕ್ಕೆ ಬೆಂಗಳೂರು ತಕ್ಕಡಿಯನ್ನು ತನ್ನ ಕಡೆಗೆ ವಾಲಿಸಿಕೊಳ್ಳುವುದು ಇಲ್ಲಿಯೇ. ವೃದ್ಧರ ತೂಕ ಎತ್ತ ಬೀಳುವುದೆಂದು ಮಾತ್ರ ಮೊದಲೇ ಹೇಳಲಾಗದು. ಮಗನ ಫ್ಲಾಟಿಗೆ ಬಂದ ತಾಯಿಯು, "ಇಲ್ಲಿ ಯಾರ ಮುಖ ನೋಡ್ಕೊಂಡು ಕೂರ್ಲಿ ಮಾರಾಯ, ನನ್ನ ಊರಿಗೆ ಬಸ್ಸು ಹತ್ತಿಸು" ಎಂದು ವಾರಕ್ಕೇ ಹಟಹಿಡಿಯುವಳು. ಅದೇ ತಾಯಿಗೆ ಹೃದಯದ್ದೋ ಮೂತ್ರಪಿಂಡದ್ದೋ ದೀರ್ಘ ಚಿಕಿತ್ಸೆ ಬೇಕಾದಾಗ, ಮಗ ಬೆಂಗಳೂರಿನಲ್ಲಿರುವುದೇ ಭಾಗ್ಯವೆನಿಸುವುದು.

ನಡುದಾರಿಗಳು ಹಿಂದಿಗಿಂತ ಈಗ ಹೆಚ್ಚು. ಎರಡು ಊರುಗಳ ಮಧ್ಯೆ ಮಾಚೇನಹಳ್ಳಿಯಲ್ಲಿ ಎರಕದ ಕಾರ್ಖಾನೆಗಳೂ ಗಾರ್ಮೆಂಟ್ಸೂ ಬೆಳೆದು, ಭದ್ರಾವತಿಯ ಕುಲುಮೆಯಲ್ಲಿ ಕಲಿತ ಕೈಚಳಕವು ಕೆಲಮಟ್ಟಿಗೆ ಅಲ್ಲಿ ಸಾರ್ಥಕವಾಗಿದೆ. ಜನಶತಾಬ್ದಿ ರೈಲು ಸುಮಾರು ನಾಲ್ಕೂವರೆ ಗಂಟೆಯಲ್ಲಿ ರಾಜಧಾನಿಯನ್ನು ಮುಟ್ಟಿಸುವುದು. ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣವು 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ ತಿಂಗಳಲ್ಲಿ ವಿಮಾನಗಳು ಬರತೊಡಗಿದುವು. ವಿಮಾನವನ್ನು ನೆಚ್ಚಿ ಸಂಸಾರದ ನಿರ್ಧಾರವನ್ನು ಮಾಡುವುದು ನನಗೆ ಸರಿಕಾಣದು, ರೈಲನ್ನು ನೆಚ್ಚಬಹುದು. 2020ರ ಮಹಾಮಾರಿಯ ಕಾಲದಲ್ಲಿ ಕಂಪ್ಯೂಟರ್ ಕೆಲಸದವರು ಗುಂಪುಗುಂಪಾಗಿ ಊರಿಗೆ ಮರಳಿ ಅಟ್ಟದ ಕೋಣೆಯಲ್ಲಿ ಕುಳಿತು ದುಡಿದರಷ್ಟೆ. ಆಗ ಸುಲಭವಾಗಿ ಮರಳಿದವರು ಯಾರೆಂದು ನೋಡಿದರೆ, ಮರಳಲು ಮನೆಯಿದ್ದವರು. ಮೈಸೂರಿನಲ್ಲಿ ಓದಿ ಸಾಗರದ ಬಳಿಯ ತಮ್ಮ ಹಳ್ಳಿ ಹೆಗ್ಗೋಡಿಗೆ ಹಿಂದಿರುಗಿದ ರಂಗಕರ್ಮಿ ಕೆ.ವಿ. ಸುಬ್ಬಣ್ಣನವರನ್ನು ಇಲ್ಲಿ ಮಾದರಿಯೆಂದು ಎತ್ತಿ ತೋರಿಸುವುದು ವಾಡಿಕೆ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ಎಂಬ ನಾಟಕ ಸಂಸ್ಥೆ, 1991ರಲ್ಲಿ ಅವರಿಗೆ ಸಂದ ಮ್ಯಾಗ್ಸೆಸೆ ಪ್ರಶಸ್ತಿ, ಎಲ್ಲವೂ ಆ ವಾದಕ್ಕೆ ಪುಷ್ಟಿ ಕೊಡುವಂಥವೇ. ಆದರೆ ಹೆಗ್ಗೋಡಿನಲ್ಲಿ ಅವರಿಗೆ ಮನೆಯೂ ಅಡಿಕೆಯ ತೋಟವೂ ಇದ್ದುವೆಂಬುದನ್ನು ಉಪದೇಶಕರು ಹೇಳುವುದಿಲ್ಲ.

ಆದುದರಿಂದ ಶಿವಮೊಗ್ಗದ ಸ್ವಂತ ಮನೆಯವರಿಗೆ ಹೇಳಬಹುದಾದುದು ಇಷ್ಟು: ಮಕ್ಕಳು ಹೋಗಲಿ, ಎರಡು ಮೂರು ವರ್ಷ ಬಾಡಿಗೆ ಮನೆಯಲ್ಲಿಯೇ ಇದ್ದು ನೋಡಲಿ, ಇಲ್ಲಿಯ ಸೈಟನ್ನು ಮಾರಿ ಅಲ್ಲಿಯ ಫ್ಲಾಟಿಗೆ ಮುಂಗಡ ಕಟ್ಟುವ ಆತುರವು ಬೇಡ. ಭದ್ರಾವತಿಯ ಕ್ವಾರ್ಟರ್ಸಿನ ಸಂಸಾರಕ್ಕೆ ಈ ಬುದ್ಧಿವಾದವು ಹೊಂದದು. ಅವರ ಪಾಲಿಗೆ ಹೋಗುವುದೋ ಬಿಡುವುದೋ ಎಂಬುದು ಬಹುಪಾಲು ಕಾರ್ಖಾನೆಯೇ ತೀರ್ಮಾನಿಸಿದ ವಿಷಯ. ಅವರ ಕೈಯಲ್ಲಿ ಉಳಿದಿರುವುದು, ನಿವೃತ್ತಿಯ ಹಣದ ಮೊದಲ ಕಂತು ಎಲ್ಲಿಗೆ ಸಲ್ಲಬೇಕೆಂಬುದು. ಬೆಂಗಳೂರಿನ ಹೊರವಲಯದ ಎರಡು ಕೋಣೆಯ ಫ್ಲಾಟಿಗೆ ಮಗನ ಹೆಸರಿನಲ್ಲಿ ಇಪ್ಪತ್ತು ವರ್ಷದ ಸಾಲವನ್ನು ಹೊರಿಸುವುದಕ್ಕೆ ಮುಂಚೆ, ಭದ್ರಾವತಿಯಲ್ಲಿಯೋ ಶಿವಮೊಗ್ಗದ ಅಂಚಿನಲ್ಲಿಯೋ ಸಣ್ಣದೊಂದು ನಿವೇಶನವನ್ನು ಖಾತೆ ಸರಿಯಿರುವುದನ್ನು ನೋಡಿ ಕೊಂಡು, ಎರಡು ಕೋಣೆ ಎಬ್ಬಿಸಿ, ಆ ಬಳಿಕ ಮಗನನ್ನು ರೈಲು ಹತ್ತಿಸುವುದು ಮೇಲು. ಸಂಬಳವಿದ್ದ ಕಾಲದಲ್ಲಿಯೇ ಜನ್ನಾಪುರದಲ್ಲಿಯೋ ಹೊಸಮನೆಯಲ್ಲಿಯೋ ಹೀಗೆ ಮಾಡಿಕೊಂಡ ಕಾರ್ಮಿಕರೂ ಇಲ್ಲದಿಲ್ಲ. ಅವರ ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ, ಆದರೆ ಕೆಲಸ ಹೋದರೆ ಎರಡು ತಿಂಗಳು ಎಲ್ಲಿರಬೇಕೆಂದು ಅವರು ಯಾರನ್ನೂ ಕೇಳಬೇಕಾಗಿಲ್ಲ.