ಒಂಟಿ ಹಳಿ ಮೇಲೆ ಹತ್ತು ನಿಮಿಷಕ್ಕೊಂದು ರೈಲು ಬರಲ್ಲ

ಸರ್ಜಾಪುರ ರಸ್ತೆಯ ಟ್ರಾಫಿಕ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳ್ತಾರೆ: "ಪಕ್ಕದಲ್ಲೇ ರೈಲು ಹಳಿ ಇದೆಯಲ್ಲ, ಜಾಸ್ತಿ ರೈಲು ಓಡಿಸಿದ್ರೆ ಆಯ್ತಪ್ಪ?" ಪ್ರಶ್ನೆ ಸರಿಯಾಗೇ ಇದೆ. ಬೈಯಪ್ಪನಹಳ್ಳಿಯಿಂದ ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ, ಆನೇಕಲ್ ರೋಡ್ ದಾಟಿ ಹೊಸೂರಿಗೆ ಹೋಗುವ ಈ ಮಾರ್ಗಕ್ಕೆ ವಿದ್ಯುದೀಕರಣವೂ ಆಗಿದೆ. ತೊಡಕು ಇರೋದು ಒಂದೇ: ಇದನ್ನು ಕಟ್ಟಿದ್ದು ಒಂಟಿ ಹಳಿಯಾಗಿ.

ಲೆಕ್ಕ ಹಾಕಿ ನೋಡಿ. ಎರಡು ಸ್ಟೇಷನ್‌ಗಳ ನಡುವೆ ಓಡಲು ರೈಲಿಗೆ 10 ನಿಮಿಷ ಬೇಕು ಅಂತಿಟ್ಟುಕೊಳ್ಳೋಣ. ಅಷ್ಟೂ ಹೊತ್ತು ಎದುರಿನ ರೈಲು 'ಕ್ರಾಸಿಂಗ್'ಗೆ ನಿಂತಿರಬೇಕು. ಆಮೇಲೆ ಅದು ಬರಲು ಇನ್ನು 10 ನಿಮಿಷ. ಪಾಯಿಂಟ್, ಸಿಗ್ನಲ್ ಬದಲಿಸಲು ಒಂದಷ್ಟು. ಅಂದರೆ ಪ್ರತಿ ದಿಕ್ಕಿಗೆ ಹೆಚ್ಚುಕಮ್ಮಿ 25 ನಿಮಿಷಕ್ಕೊಂದು ರೈಲು. ಅದೂ ಎಲ್ಲವೂ ಟೈಮಿಗೆ ಬಂದರೆ! ಒಂದು ರೈಲು ತಡವಾದರೆ ಎದುರಿನದೂ ತಡ. ಇದರ ಮಧ್ಯೆ ಸೇಲಂ ಕಡೆಯ ಎಕ್ಸ್‌ಪ್ರೆಸ್, ಗೂಡ್ಸ್ ಬೇರೆ.

ಬೆಳಿಗ್ಗೆ ಎಲ್ಲರೂ ಪೇಟೆ ಕಡೆಗೇ ಹೊರಡುವ ಊರಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇಲ್ಲಿ ಹಾಗಿಲ್ಲ. ಹೊಸೂರಿನವರು ಬೆಂಗಳೂರಿಗೆ ಬರುವ ಹೊತ್ತಿಗೇ ಬೆಂಗಳೂರಿನವರು ಎಲೆಕ್ಟ್ರಾನಿಕ್ಸ್ ಸಿಟಿ, ಹೊಸೂರಿನ ಕಾರ್ಖಾನೆಗಳ ಕಡೆ ಹೊರಟಿರ್ತಾರೆ.

ಹಾಗಾಗಿ ಎರಡನೇ ಹಳಿ ಬೇಕೇ ಬೇಕು. 48 ಕಿ.ಮೀ.ನ ಈ ಜೋಡಿ ಹಳಿ ಕೆಲಸವನ್ನು ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಕಂಪನಿ ಕೆ-ರೈಡ್ ಕೈಗೆತ್ತಿಕೊಂಡಿದೆ. ಆದರೆ ಹಳಿ ಹಾಕಿದ ಮಾತ್ರಕ್ಕೆ ಮುಗಿಯಲ್ಲ. ಮುಂದಿನ ರೈಲು ಇನ್ನೊಂದು ಸ್ಟೇಷನ್ ಮುಟ್ಟುವ ತನಕ ಹಿಂದಿನದು ಕಾಯಬೇಕಾದರೆ ಅರ್ಧ ಲಾಭ ಹೋಯ್ತು. ಸುಮಾರು ಕಿಲೋಮೀಟರ್‌ಗೊಂದರಂತೆ ಸಿಗ್ನಲ್ ಇರುವ ಆಟೊಮ್ಯಾಟಿಕ್ ವ್ಯವಸ್ಥೆ ಬಂದರೆ ಒಂದರ ಹಿಂದೊಂದು ಬಿಡಬಹುದು. ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುವ ಮೆಮು ಓಡಿಸಿದರೆ ಎಂಜಿನ್ ತಿರುಗಿಸುವ ರಗಳೆಯೂ ಇಲ್ಲ.

ಯಾರೂ ಹೆಚ್ಚು ಮಾತಾಡದ ವಿಷಯ ರೈಲ್ವೆ ಗೇಟು. ಎರಡೂ ಕಡೆಯಿಂದ 10 ನಿಮಿಷಕ್ಕೊಂದು ರೈಲು ಬಂದರೆ ಗಂಟೆಗೆ 12 ಸಲ ಗೇಟು ಬೀಳುತ್ತದೆ. ಅಂಡರ್‌ಪಾಸ್, ಮೇಲ್ಸೇತುವೆ ಇಲ್ಲದೆ ಇದು ಆಗದ ಮಾತು. ಅದಕ್ಕೆ ಜಾಗ ಬೇಕು, ಜಾಗ ಕೊಡಿಸಬೇಕಾದ್ದು ರಾಜ್ಯ. ಕೇಂದ್ರ-ರಾಜ್ಯಗಳ ಕಿತ್ತಾಟ ಶುರುವಾಗೋದೂ ಇಂಥಲ್ಲೇ.

"ಉಪನಗರ ರೈಲು ಬರುತ್ತಲ್ಲ?" ಅನ್ನಬಹುದು. ಕೇಂದ್ರ ಸಂಪುಟ 2020ರಲ್ಲಿ ಒಪ್ಪಿದ 148 ಕಿ.ಮೀ. ಯೋಜನೆಯಲ್ಲಿ ಹೀಲಲಿಗೆ–ರಾಜಾನುಕುಂಟೆ 'ಕನಕ' ಮಾರ್ಗಕ್ಕೆ ಬೇರೆಯೇ ಹಳಿ ಇದೆ, ನಿಜ. ಅದು ಬರೋವರೆಗೆ ಜೋಡಿ ಹಳಿಯ ಲಾಭವೆಲ್ಲ ದೂರದ ರೈಲುಗಳ ಪಾಲಾಗಬಾರದು ಅನ್ನೋದು ನನ್ನ ವಾದ. ಮುಂದಿನ ಸಲ ಓಟು ಕೇಳಲು ಬಂದವರನ್ನು ಎಷ್ಟು ಕೋಟಿ ತಂದ್ರಿ ಅಂತ ಕೇಳಬೇಡಿ. ಬೆಳಿಗ್ಗೆ 8ರಿಂದ 10ರೊಳಗೆ ಹೀಲಲಿಗೆಯಲ್ಲಿ ಎರಡೂ ದಿಕ್ಕಿಗೆ ಎಷ್ಟೆಷ್ಟು ಮೆಮು ನಿಲ್ಲುತ್ತೆ, ಯಾವ ವರ್ಷದಿಂದ ಅಂತ ಕೇಳಿ.