ದಾದರ್ ಟಿ.ಟಿ.: ಟ್ರಾಮ್ ಹೋಯಿತು, ಹೆಸರು ಉಳಿಯಿತು

ನಮ್ಮ ಕರಾವಳಿಯಲ್ಲಿ ಮುಂಬಯಿ ಸಂಬಂಧವಿಲ್ಲದ ಮನೆತನ ಅಪರೂಪ. ಅಲ್ಲಿಂದ ರಜೆಗೆ ಬಂದವರ ಮಾತಿನಲ್ಲಿ ‘ದಾದರ್ ಟಿ.ಟಿ.’ ಎಂಬ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಬಸ್ಸಿನವರು, ಟ್ಯಾಕ್ಸಿಯವರು, ಅಂಗಡಿಯವರು ಎಲ್ಲರ ಬಾಯಲ್ಲೂ ಇರುವ ಆ ಎರಡು ಅಕ್ಷರಗಳ ಅರ್ಥವೇನು? ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್, ಅಂದರೆ ಟ್ರಾಮಿನ ಕೊನೆಯ ನಿಲ್ದಾಣ. ಅಲ್ಲಿ ಟ್ರಾಮ್ ಓಡಾಟ ನಿಂತು ಅರುವತ್ತು ವರ್ಷ ದಾಟಿದೆ. ಆದರೂ ಜನ ಆ ಹೆಸರನ್ನು ಬಿಟ್ಟಿಲ್ಲ. ಏಕೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕುದುರೆಗಳ ಕಾಲ

ಮುಂಬಯಿಯಲ್ಲಿ ಟ್ರಾಮ್ ಆರಂಭವಾದುದು 1874ರ ಮೇ 9ರಂದು. ಆಗ ಅದನ್ನು ಕುದುರೆಗಳು ಎಳೆಯುತ್ತಿದ್ದವು. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೂಲಕ ಪಾಯ್ಧೋನಿಗೆ ಒಂದು ಮಾರ್ಗ, ಬೋರಿಬಂದರಿನಿಂದ ಕಾಲ್ಬಾದೇವಿ ಮೂಲಕ ಪಾಯ್ಧೋನಿಗೆ ಇನ್ನೊಂದು ಮಾರ್ಗ. ಕೊಲಾಬಾದಿಂದ ಪಾಯ್ಧೋನಿಗೆ ಮೊದಲಿಗೆ ಮೂರು ಆಣೆ ದರವಿತ್ತು. ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕದ ಆ ದಿನಗಳಲ್ಲಿ ಇದು ದುಬಾರಿಯೇ ಸರಿ. ಕೆಲವೇ ತಿಂಗಳಲ್ಲಿ ಅದು ಎರಡು ಆಣೆಗೆ ಇಳಿಯಿತು. 1899ರಲ್ಲಿ ಎಷ್ಟು ದೂರ ಹೋದರೂ ಒಂದೇ ಆಣೆ ಎಂದಾಯಿತು. ಪ್ರಯಾಣದ ದರ ಇಳಿದಷ್ಟೂ ಅದನ್ನು ಬಳಸುವವರ ಬಳಗ ದೊಡ್ಡದಾಗುತ್ತದೆ ಎಂಬುದು ಅಂದೇ ಕಂಡುಬಂದ ಸತ್ಯ.

1907ರ ಮೇ 7ರಂದು ವಿದ್ಯುತ್ ಟ್ರಾಮ್ ಬಂತು. ಇದರ ಕೆಲಸದ ರೀತಿ ಸರಳ. ರಸ್ತೆಯ ಮೇಲೆ ಎಳೆದ ತಂತಿಯಿಂದ ಒಂದು ಉದ್ದನೆಯ ಕಂಬಿಯ ಮೂಲಕ ವಿದ್ಯುತ್ ಗಾಡಿಯ ಮೋಟಾರಿಗೆ ಇಳಿಯುತ್ತದೆ. ಚಕ್ರಗಳ ಮೂಲಕ ಹಳಿಗೆ ಸೇರಿ ಹಿಂದಿರುಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಆದ್ದರಿಂದ ಕಡಿಮೆ ಶಕ್ತಿಯಲ್ಲಿ ಹೆಚ್ಚು ಜನರನ್ನು ಸಾಗಿಸಬಹುದು. 1920ರಲ್ಲಿ ಎರಡು ಅಂತಸ್ತಿನ ಟ್ರಾಮ್‌ಗಳೂ ಬಂದವು.

ಪ್ಲೇಗಿನ ನಂತರದ ನಗರ

ಈ ನಡುವೆ ನಗರಕ್ಕೆ ಒಂದು ದೊಡ್ಡ ಆಘಾತವಾಗಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ತಗುಲಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಚಾಳ್‌ಗಳಲ್ಲಿ ಅಪಾರ ಸಾವುನೋವು ಸಂಭವಿಸಿತು. ಜನಸಂದಣಿಯನ್ನು ತಗ್ಗಿಸಲೆಂದು 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಉತ್ತರದ ಕಡೆ ಖಾಲಿ ಇದ್ದ ದಾದರ್, ಮಾಟುಂಗಾ ಪ್ರದೇಶಗಳಲ್ಲಿ ಅಗಲವಾದ ರಸ್ತೆಗಳ ಹೊಸ ಬಡಾವಣೆಗಳನ್ನು ರೂಪಿಸಲಾಯಿತು. ದಾದರಿನ ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳು ಹೀಗೆ ಹುಟ್ಟಿಕೊಂಡವು.

ಆದರೆ ಮನೆ ಕಟ್ಟಿದ ಮಾತ್ರಕ್ಕೆ ಊರಾಗುವುದಿಲ್ಲ. ಕೆಲಸವಿರುವುದು ಕೋಟೆ ಪ್ರದೇಶದ ಕಚೇರಿಗಳಲ್ಲಿ, ಬಂದರಿನಲ್ಲಿ. ಬೆಳಿಗ್ಗೆ ಹೋಗಿ ಸಂಜೆ ಮರಳಲು ನಿಶ್ಚಿತವಾದ ದಾರಿ ಬೇಕು. ರೈಲು ಇತ್ತಾದರೂ ನಿಲ್ದಾಣಗಳು ದೂರ ದೂರ. ಟ್ರಾಮ್ ಮನೆಯ ರಸ್ತೆಯಲ್ಲೇ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಬೋರಿಬಂದರ್, ಕ್ರಾಫರ್ಡ್ ಮಾರ್ಕೆಟ್, ಬೈಕಲಾ, ಲಾಲ್‌ಬಾಗ್, ಪರೇಲ್ ದಾಟಿ ದಾದರ್ ಸೇರುವ ಮಾರ್ಗ ನಗರದ ನಡುಭಾಗವನ್ನು ಉಪನಗರದೊಂದಿಗೆ ಹೊಲಿಯಿತು.

ಇದರ ಪ್ರಯೋಜನ ಎಲ್ಲರಿಗೂ ಸಮನಾಗಿ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಬಡಾವಣೆಗಳಿಗೆ ಹೆಚ್ಚಾಗಿ ಹೋದವರು ಗುಮಾಸ್ತರು, ಶಿಕ್ಷಕರು, ಮಧ್ಯಮ ವರ್ಗದವರು. ಗಿರಣಿ ಕಾರ್ಮಿಕರು ಪರೇಲ್, ಲಾಲ್‌ಬಾಗಿನ ಚಾಳ್‌ಗಳಲ್ಲೇ ಉಳಿದರು. ಕೆಲಸಕ್ಕೆ ನಡೆದೇ ಹೋದರು. ದಕ್ಷಿಣ ಭಾರತದಿಂದ ಬಂದ ಅನೇಕರಿಗೆ ಮಾಟುಂಗಾ ಎರಡನೇ ತವರಾಯಿತು. ಕನ್ನಡಿಗರ ಮೈಸೂರು ಅಸೋಸಿಯೇಷನ್ ಇಂದಿಗೂ ಅಲ್ಲಿದೆ.

ಕೊನೆಯ ಪ್ರಯಾಣ

1926ರ ಜುಲೈ 15ರಂದು ಅಫ್ಘಾನ್ ಚರ್ಚ್‌ನಿಂದ ಕ್ರಾಫರ್ಡ್ ಮಾರ್ಕೆಟ್‌ವರೆಗೆ ಮುಂಬಯಿಯ ಮೊದಲ ಬಸ್ ಓಡಿತು. ಟ್ರಾಮಿನ ಶಕ್ತಿಯಾಗಿದ್ದ ಹಳಿಯೇ ಕ್ರಮೇಣ ಅದರ ದೌರ್ಬಲ್ಯವಾಯಿತು. ಎದುರಿಗೆ ಒಂದು ಲಾರಿ ಕೆಟ್ಟು ನಿಂತರೆ ಬಸ್ಸು ಬದಿಗೆ ಸರಿದು ಹೋಗುತ್ತದೆ. ಟ್ರಾಮ್ ಅಲ್ಲೇ ನಿಲ್ಲಬೇಕು. ಅದರ ಹಿಂದೆ ಬರುವ ಟ್ರಾಮ್‌ಗಳೂ ನಿಲ್ಲಬೇಕು. ಮೋಟಾರು ವಾಹನಗಳು ಹೆಚ್ಚಿದಂತೆ 1950ರ ದಶಕದಲ್ಲಿ ಒಂದೊಂದೇ ಮಾರ್ಗ ಮುಚ್ಚಿತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಹೊರಟಿತು. ಅಲ್ಲಿಗೆ ತೊಂಬತ್ತು ವರ್ಷಗಳ ಅಧ್ಯಾಯ ಮುಗಿಯಿತು.

ಈಗ ಅದೇ ನಗರ ಹಳಿಯನ್ನು ನೆಲದಡಿಗೆ ಇಳಿಸಿದೆ. 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆದ ಮೂರನೇ ಮೆಟ್ರೋ ಮಾರ್ಗವು ಕಫ್ ಪರೇಡ್‌ನಿಂದ ಆರೆವರೆಗೆ ಸುಮಾರು 33 ಕಿಲೋಮೀಟರ್ ಉದ್ದವಿದೆ. ಕಾಲ್ಬಾದೇವಿಯೂ ದಾದರೂ ಅದರ ನಿಲ್ದಾಣಗಳು. ಕುದುರೆ ಟ್ರಾಮ್ ಓಡಿದ ಕಾಲ್ಬಾದೇವಿಗೆ ಒಂದೂವರೆ ಶತಮಾನದ ನಂತರ ಮತ್ತೆ ಹಳಿ ಬಂದಂತಾಯಿತು.

ನಮಗೇನು ಪಾಠ?

ನಿತ್ಯವೂ ಒಂದೇ ವೇಳೆಗೆ, ಕೈಗೆಟಕುವ ದರದಲ್ಲಿ ಬರುವ ವಾಹನ ಒಂದು ಮಾತು ಕೊಟ್ಟಂತೆ. ಅದನ್ನು ನಂಬಿ ಜನ ದೂರದಲ್ಲಿ ಮನೆ ಮಾಡುತ್ತಾರೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ. ಮಾರ್ಗ ನಿಂತರೆ ಸ್ವಂತ ವಾಹನವುಳ್ಳವರಿಗೆ ಅದು ಒಂದು ಸುದ್ದಿ ಮಾತ್ರ. ಇಲ್ಲದವರಿಗೆ ಬದುಕೇ ಬದಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಸಂಜೆಯ ಕೊನೆಯ ಬಸ್ಸು ರದ್ದಾದಾಗ ಮನೆಯಲ್ಲೇ ಉಳಿಯುವವರು ವೃದ್ಧರು, ಕೂಲಿಯವರು, ಒಂಟಿ ತಾಯಂದಿರು. ಅವರ ಗೈರುಹಾಜರಿಯನ್ನು ನಾವು ಕೆಲವೊಮ್ಮೆ ಅನಾಸಕ್ತಿ ಎಂದು ತಪ್ಪು ತಿಳಿಯುತ್ತೇವೆ.

ಮುಂದಿನ ಬಾರಿ ಸಭೆಯ ವೇಳೆ ನಿಗದಿ ಮಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ಮುಗಿದಾಗ ಮನೆ ಸೇರಲು ಬಸ್ಸು ಇರುತ್ತದೆಯೇ? ದಾದರಿನ ಜನ ಟ್ರಾಮಿನ ಹೆಸರನ್ನು ಇನ್ನೂ ಉಳಿಸಿಕೊಂಡಿದ್ದರೆ, ಅದು ಅವರನ್ನು ದಿನವೂ ಮನೆ ತಲುಪಿಸಿತು ಎಂಬ ಕಾರಣಕ್ಕೇ ಇರಬೇಕು.